ಗಾಳದ ರಾಟೆಯೂ ಅದರ ಜೀರ್ಣೋದ್ಧಾರವೂ

ಜಗಳೂರಿನಂತಹ ಬಯಲುಸೀಮೆಯ ಊರನ್ನು ಮುಂದಿಟ್ಟುಕೊಂಡು ಮೀನು ಹಿಡಿಯುವ ಉಪಕರಣವೊಂದರ ಚರಿತ್ರೆಯನ್ನು ಹೇಳಹೊರಟರೆ ಕೇಳುವವರು ನಕ್ಕಾರು. ಮಳೆಯನ್ನೇ ನಂಬಿ, ಮಳೆ ತಪ್ಪಿದ ವರ್ಷಗಳನ್ನು ಎಣಿಸುತ್ತ ಬಾಳಿದ ಸೀಮೆಯಿದು. ಆದರೂ ನಗುವ ಮೊದಲು ಸುತ್ತಮುತ್ತ ನೋಡುವುದು ಒಳ್ಳೆಯದು. ಪಡುವಲಲ್ಲಿ ನ್ಯಾಮತಿ ಹೊನ್ನಾಳಿಗಳ ಕಡೆಗೆ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿಯ ಬಳಿ ಶಾಂತಿಸಾಗರವೆಂಬ ಸೂಳೆಕೆರೆಯು ಸಮುದ್ರದಂತೆ ಹರಡಿದೆ. ಈಚಿನ ವರ್ಷಗಳಲ್ಲಿ ಜಗಳೂರು ಸೀಮೆಯ ಕೆರೆಗಳಿಗೂ ತುಂಗಭದ್ರೆಯ ನೀರನ್ನು ಏತದ ಯೋಜನೆಯಿಂದ ಎತ್ತಿ ತಂದು ತುಂಬಿಸುವ ಕಾರ್ಯ ನಡೆದಿದೆ. ನೀರು ಬಂದಲ್ಲಿಗೆ ಮೀನು ಬರುವುದು, ಮೀನು ಬಂದಲ್ಲಿಗೆ ಗಾಳವೂ ಬರುವುದು. ಹಾಗೆ ಗಾಳ ಹಿಡಿದವರಲ್ಲಿ ಯಾರಾದರೊಬ್ಬರು ತಾತನ ಕಾಲದ ಪೆಟ್ಟಿಗೆಯನ್ನು ತೆರೆದು, ಕಿಲುಬು ಹಿಡಿದ ಹಿತ್ತಾಳೆಯ ಚಕ್ರವೊಂದನ್ನು ಎತ್ತಿ, ಇದೇನೆಂದು ಕೇಳುವ ಸಂಭವವುಂಟು. ಅಂತಹವರನ್ನು ಉದ್ದೇಶಿಸಿಯೇ ನಾವು ಈ ಮಾತುಗಳನ್ನು ಆಡುತ್ತಿದ್ದೇವೆ.

ಆ ಚಕ್ರಕ್ಕೆ ಇಂಗ್ಲಿಷಿನವರು ರೀಲು ಎನ್ನುತ್ತಾರೆ. ನಾವು ಗಾಳದ ರಾಟೆ ಎಂದರೆ ತಪ್ಪಾಗದು. ಕೋಲಿನ ಬುಡದಲ್ಲಿ ಕಟ್ಟಿದ ಈ ರಾಟೆಯಲ್ಲಿ ನೂರಾರು ಗಜ ದಾರವನ್ನು ಸುತ್ತಿಟ್ಟಿರುತ್ತಾರೆ. ಮೀನು ಎಳೆದಾಗ ದಾರ ಬಿಚ್ಚಿಕೊಳ್ಳುವುದು, ದಣಿದಾಗ ಸುತ್ತಿಕೊಳ್ಳುವುದು. ಕೆರೆಯ ಏರಿಯ ಮೇಲೆ ಬಿದಿರುಕೋಲು ಹಿಡಿದು ಕೂತ ನಮ್ಮ ಹುಡುಗನಿಗೆ ಇದರ ಅವಶ್ಯಕತೆ ಎಂದೂ ತೋರಿದುದಿಲ್ಲ. ಅವನ ಮೀನು ಅಂಗೈಯಗಲ. ಕೋಲಿನಷ್ಟೇ ಉದ್ದದ ದಾರಕ್ಕೆ ಎದುರು ನಿಲ್ಲಬಲ್ಲ ಮೀನು ಸಿಕ್ಕಿದಾಗ ಮಾತ್ರ ರಾಟೆಯ ಪ್ರಯೋಜನ ತಿಳಿಯುವುದು.

ಗಾಳವನ್ನು ವಿನೋದವೆಂದು ಕಂಡವರು ನಮ್ಮಲ್ಲಿ ಹೊಸಬರಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನುಗಳ ಜಾತಿ, ಅವುಗಳಿಗೆ ಹಾಕುವ ಎರೆ, ಕೋಲು, ದಾರ, ಗಾಳ ಇವುಗಳ ವಿಚಾರವನ್ನು ಅರಸನು ಅಲ್ಲಿ ಹೇಳಿದ್ದಾನೆ. ನಮ್ಮ ಈ ಸೀಮೆಯೂ ಆಗ ಅದೇ ಸಾಮ್ರಾಜ್ಯಕ್ಕೆ ಸೇರಿದ್ದಿತು. ರಾಟೆಯ ಅತಿ ಹಳೆಯ ಚಿತ್ರವೆಂದು ಸಾಮಾನ್ಯವಾಗಿ ತೋರಿಸುವುದು ಚೀನಾ ದೇಶದ್ದು. ಸುಮಾರು 1195ರಲ್ಲಿ ಮಾ ಯುವಾನ್ ಎಂಬ ಚಿತ್ರಕಾರನು ಚಳಿಗಾಲದ ಸರೋವರದಲ್ಲಿ ಒಂಟಿ ದೋಣಿಯ ಮೇಲೆ ಕುಳಿತ ಬೆಸ್ತನನ್ನು ಬರೆದಿದ್ದಾನೆ, ಅವನ ಕೋಲಿನಲ್ಲಿ ಪುಟ್ಟ ರಾಟೆಯೊಂದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಥಾಮಸ್ ಬಾರ್ಕರನು 1651ರಲ್ಲಿ ಅಚ್ಚು ಹಾಕಿಸಿದ ಚಿಕ್ಕ ಪುಸ್ತಕದಲ್ಲಿ ಅದರ ಪ್ರಸ್ತಾಪ ಬರುತ್ತದೆ. ಚೀನಾದಿಂದ ಯೂರೋಪಿಗೆ ಅದು ಹೋಯಿತೋ, ಅಲ್ಲಿಯೇ ಬೇರೆಯಾಗಿ ಹುಟ್ಟಿತೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ.

ನಮ್ಮ ನಾಡಿನ ಮಟ್ಟಿಗೆ ರಾಟೆಯ ಚರಿತ್ರೆಯು ನಿಜವಾಗಿ ಆರಂಭವಾಗುವುದು ಕನ್ನಡ ಕರಾವಳಿಯಲ್ಲಿ. ಹೆನ್ರಿ ಸಲಿವನ್ ಥಾಮಸ್ ಎಂಬಾತನು ಮದರಾಸು ಸರಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿದ್ದನು. ಅಲ್ಲಿಯ ಹೊಳೆಗಳಲ್ಲಿ ಮೀನಿನ ಸಂತತಿ ಕ್ಷೀಣಿಸುತ್ತಿರುವುದನ್ನು ಕಂಡು 1870ರಲ್ಲಿ ಮತ್ಸ್ಯಕೃಷಿಯ ವಿಷಯವಾಗಿ ಒಂದು ವರದಿಯನ್ನು ಬರೆದನು. ಅದಾದ ಮೂರು ವರ್ಷಕ್ಕೆ, 1873ರಲ್ಲಿ, 'ಭಾರತದಲ್ಲಿ ಗಾಳದ ಕೋಲು' ಎಂಬರ್ಥದ ಅವನ ಇಂಗ್ಲಿಷ್ ಗ್ರಂಥವು ಮಂಗಳೂರಿನಲ್ಲಿ ಅಚ್ಚಾಯಿತು. ಭಾರತದಲ್ಲಿ ಗಾಳ ಹಾಕುತ್ತಿದ್ದ ಬಿಳಿಯರಿಗೆ ಬಹುಕಾಲ ಅದೇ ಪ್ರಮಾಣಗ್ರಂಥವಾಗಿದ್ದಿತು. ಬಯಲುಸೀಮೆಯವರು ಮರೆಯಬಾರದ ಇನ್ನೊಂದು ಸಂಗತಿಯೆಂದರೆ, ಈತನು 1887ರಲ್ಲಿ ಕೆರೆಗಳ ಗಾಳದ ವಿಷಯವಾಗಿಯೇ ಪ್ರತ್ಯೇಕ ಪುಸ್ತಕವನ್ನು ಬರೆದನು. ಹೊಳೆಯ ಮೀನಿಗೆ ದೊರೆಯುತ್ತಿದ್ದ ಗೌರವವು ಕೆರೆಯ ಮೀನಿಗೂ ಸ್ವಲ್ಪ ದೊರೆತುದು ಅವನಿಂದ.

ಥಾಮಸನನ್ನು ಮರುಳುಮಾಡಿದ ಮೀನು ಮಹಶೀರ್; ಕಾವೇರಿಯ ದಡದಲ್ಲಿ ಬಿಳಿಮೀನು ಎನ್ನುತ್ತಾರೆ. ದೊಡ್ಡ ಹುರುಪೆ, ದಪ್ಪ ತುಟಿ. ಹಲ್ಲುಗಳು ಬಾಯಲ್ಲಿಲ್ಲ, ಗಂಟಲಲ್ಲಿವೆ. ಗಾಳ ತಾಕಿದೊಡನೆ ಅದು ಹೊಡೆಯುವ ಮೊದಲ ಓಟವು ನೂರು ಗಜ ದಾರವನ್ನು ಒಂದೇ ಉಸಿರಿಗೆ ಕೊಂಡೊಯ್ಯಬಲ್ಲುದು. ಬಂಡೆಗಳ ನಡುವಿನ ಸೆಳವಿನಲ್ಲಿ ಅಂತಹ ಓಟವನ್ನು ತಡೆಯುವುದೂ ಬಿಡುವುದೂ ರಾಟೆಯ ಕೆಲಸ. ಇಂಗ್ಲೆಂಡಿನ ತೊರೆಗಳಿಗಾಗಿ ಹುಟ್ಟಿದ ಯಂತ್ರಕ್ಕೆ ನಮ್ಮ ಹೊಳೆಗಳಲ್ಲಿ ಪರೀಕ್ಷೆಯಾಯಿತು.

ಆ ಯಂತ್ರಗಳಲ್ಲಿ ಹೆಸರಿಸತಕ್ಕವು ಕೆಲವು. ನಾಟಿಂಗ್‌ಹ್ಯಾಮಿನ ರಾಟೆಗಳು ಮರದವು, ಬೆನ್ನಿಗೆ ನಕ್ಷತ್ರಾಕಾರದ ಹಿತ್ತಾಳೆಯ ಪಟ್ಟಿ. ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಮ್ಯಾಲಕನು 1884ರಲ್ಲಿ ಹಕ್ಕುಪತ್ರ ಪಡೆದ ರಾಟೆಯು ಅಡ್ಡಕ್ಕೆ ತಿರುಗಿ, ದಾರವನ್ನು ಅಂಚಿನಿಂದ ಸುರಿಯಬಿಡುವುದು. ದೂರ ಎಸೆಯುವುದಕ್ಕೆ ಸುಲಭ, ಆದರೆ ದಾರಕ್ಕೆ ಹುರಿ ಬೀಳುವ ದೋಷವುಂಟು. ಅಲ್ನಿಕ್ ಎಂಬ ಊರಿನಲ್ಲಿ 1872ರಲ್ಲಿ ಕೋವಿ ಕೆಲಸದಿಂದ ಆರಂಭಿಸಿದ ಹಾರ್ಡಿ ಸೋದರರು 1891ರ ಸುಮಾರಿಗೆ ಉಕ್ಕಿನ ಗುಂಡುಗಳ ಮೇಲೆ ತಿರುಗುವ 'ಪರ್ಫೆಕ್ಟ್' ರಾಟೆಯನ್ನೂ, 1896ರಲ್ಲಿ 'ಸಿಲೆಕ್ಸ್' ರಾಟೆಯನ್ನೂ ಮಾರಾಟಕ್ಕೆ ತಂದರು. ಭಾರವಾದ ಎರೆಯನ್ನು ದೂರಕ್ಕೆಸೆಯುವಾಗ ಚಕ್ರವು ನಿರಾತಂಕವಾಗಿ ಸುತ್ತುವಂತೆಯೂ, ಅಂಚಿನ ಸಣ್ಣ ಹಿಡಿಯನ್ನು ಬೆರಳಿನಿಂದ ಒತ್ತಿದರೆ ತಡೆ ಬೀಳುವಂತೆಯೂ ಸಿಲೆಕ್ಸನ್ನು ರಚಿಸಿದ್ದರು. ಮಹಶೀರ್ ಬೇಟೆಯವರಿಗೆ ಇದು ಹಿಡಿಸಿತು. 1905ರಲ್ಲಿ ಬ್ರಾಡ್‌ಫರ್ಡಿನ ಉಣ್ಣೆಯ ಕಾರಖಾನೆದಾರ ಇಲಿಂಗ್‌ವರ್ತನು, ಕದಿರಿನಿಂದ ನೂಲು ಜಾರುವ ರೀತಿಯಲ್ಲಿ, ತಿರುಗದೆ ನಿಲ್ಲುವ ಸುರುಳಿಯ ರಾಟೆಯನ್ನು ಕಲ್ಪಿಸಿದನು. ಇಂದು ಅಂಗಡಿಗಳಲ್ಲಿ ಕಾಣುವವುಗಳಲ್ಲಿ ಬಹುಪಾಲು ಇದರ ಸಂತಾನ.

ಮೈಸೂರು ಸಂಸ್ಥಾನದ ಕಾವೇರಿ ಕಪಿಲೆಗಳಲ್ಲಿ ಈ ರಾಟೆಗಳಿಂದ ಎಂತಹ ಮೀನುಗಳು ಬಂದುವೆಂಬುದಕ್ಕೆ ಲಿಖಿತ ಸಾಕ್ಷ್ಯವಿದೆ. 1919ರಲ್ಲಿ ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿಯು ಕಾವೇರಿಯಲ್ಲಿ 119 ಪೌಂಡಿನ ಮೀನನ್ನು ಹಿಡಿದನು. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಅವರು ಕಪಿಲೆಯಲ್ಲಿ 120 ಪೌಂಡಿನದನ್ನು ಹಿಡಿದರು. ಅಂದರೆ ಸುಮಾರು 54 ಕಿಲೋಗ್ರಾಂ, ಒಬ್ಬ ಮನುಷ್ಯನ ತೂಕ. ಈ ಮನೆತನದವರು ಬೇಟೆಯ ಮೃಗಗಳ ಚರ್ಮಕ್ಕೆ ಜೀವಕಳೆ ತುಂಬುವ ಕಲೆಯಲ್ಲಿ ಜಗತ್ಪ್ರಸಿದ್ಧರು. ಅವರ ಕಾರ್ಯಾಗಾರವು 1999ರಲ್ಲಿ ಮುಚ್ಚಿತು. ಆ 120 ಪೌಂಡಿನ ಲೆಕ್ಕವನ್ನು ಗಾಳದಲ್ಲಿ ಮೀರಿದ ಮಹಶೀರಿನ ಅಂಗೀಕೃತ ದಾಖಲೆಯನ್ನು ನಾವು ಕಂಡಿಲ್ಲ.

ವಿಚಿತ್ರವೇನೆಂದರೆ, ಇಂತಹ ಮೀನನ್ನು ಹಿಡಿದು ತೂಗಿದವರಿಗೂ ಅದರ ಸರಿಯಾದ ಶಾಸ್ತ್ರೀಯ ನಾಮವು ಗೊತ್ತಿರಲಿಲ್ಲ. ದಖನ್ನಿನ ನೀಲಿರೆಕ್ಕೆಯ ಮಹಶೀರನ್ನು ಸೈಕ್ಸನು 1839ರಲ್ಲಿಯೇ ವರ್ಣಿಸಿದ್ದನು. ಕಾವೇರಿಯ ಗೂನುಬೆನ್ನಿನ ದೈತ್ಯ ಜಾತಿಯು ಬೇರೆಯೇ. ಅದು ಟಾರ್ ರೆಮಾದೇವಿಯೈ ಎಂಬುದೇ ಎಂದು ಶಾಸ್ತ್ರಜ್ಞರು ನಿರ್ಣಯಿಸಿದುದು 2018ರಲ್ಲಿ. ಆ ವರ್ಷವೇ ಅದನ್ನು ಅತಿ ಗಂಡಾಂತರದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕಾಯಿತು. ಹೆಸರಿಡುವುದಕ್ಕೂ ಅಳಿವಿನ ಅಂಚಿಗೆ ತಲಪುವುದಕ್ಕೂ ಒಂದೇ ಗಳಿಗೆ ಕೂಡಿಬಂದಂತಾಯಿತು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು 1897ರ ಕಾಯಿದೆಯೇ ನಿಷೇಧಿಸಿತ್ತು; ಆದರೂ ಆ ಹಾವಳಿ ನಿಂತುದಿಲ್ಲ. ಅಣೆಕಟ್ಟುಗಳು ಹೊಳೆಯ ಓಟವನ್ನು ಬದಲಾಯಿಸಿದುವು. ಅದಲ್ಲದೆ, ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ ಬೇರೆಡೆ ಮರಿಮಾಡಿಸಿದ ನೀಲಿರೆಕ್ಕೆಯ ಜಾತಿಯನ್ನು ಕಾವೇರಿಗೆ ತಂದು ಬಿಟ್ಟರು. ಬಂದ ನೆಂಟರು ಮನೆಯವರನ್ನು ಮೂಲೆಗೊತ್ತಿದರು.

ಇದು ತಿಳಿದುಬಂದ ಬಗೆಯನ್ನು ನಮ್ಮ ವಿಷಯಕ್ಕಾಗಿ ಹೇಳಲೇಬೇಕು. ಕಾವೇರಿಯ ಗಾಳಿಬೋರೆಯ ಶಿಬಿರದಲ್ಲಿ ಗಾಳ ಹಾಕಿ, ತೂಗಿ, ಮರಳಿ ನೀರಿಗೆ ಬಿಡುತ್ತಿದ್ದ ಹವ್ಯಾಸಿಗಳು ಪ್ರತಿಯೊಂದು ಮೀನನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಶಾಸ್ತ್ರಜ್ಞರು ಪರಿಶೋಧಿಸಿದಾಗ ಒಂದು ಜಾತಿ ಏರುತ್ತ ಇನ್ನೊಂದು ಇಳಿಯುತ್ತ ಹೋದುದು ಕಣ್ಣಿಗೆ ಕಟ್ಟಿತು. ವಿನೋದಕ್ಕಾಗಿ ಬರೆದಿಟ್ಟ ಲೆಕ್ಕವೇ ಹೊಳೆಯ ಚರಿತ್ರೆಯಾಯಿತು. ಅದಕ್ಕೂ ಹಿಂದಿನ ಕಾಲದ ಲೆಕ್ಕವೆಲ್ಲಿದೆ? ಕೆಲವು ಪುಸ್ತಕಗಳಲ್ಲಿ, ಗೋಡೆಗೆ ತೂಗುಹಾಕಿದ ಕೆಲವು ಚರ್ಮಗಳಲ್ಲಿ, ಮತ್ತು ಉಪಕರಣಗಳ ಮೈಮೇಲಿನ ಗುರುತುಗಳಲ್ಲಿ. ಆದುದರಿಂದಲೇ ಹಳೆಯ ರಾಟೆಯೊಂದನ್ನು ತೊಳೆದು ಥಳಥಳಿಸುವಂತೆ ಮಾಡುವವರನ್ನು ಕಂಡರೆ ನಮಗೆ ಭಯ. ಅದನ್ನು ಮತ್ತೆ ತಿರುಗಿಸಬೇಕು, ನಿಜ; ಹೊಸದನ್ನಾಗಿ ಮಾಡಬಾರದು. ಜೀರ್ಣೋದ್ಧಾರವೆಂದರೆ ನಾವು ಇಟ್ಟುಕೊಂಡಿರುವ ಅರ್ಥ ಇಷ್ಟೇ.

ಗುರುತುಗಳೆಂದೆವು. ಅವು ಯಾವುವು? ದಾರವು ನೂರಾರು ಸಲ ಉಜ್ಜಿದುದರಿಂದ ಹಿತ್ತಾಳೆಯ ಕಂಬಿಯಲ್ಲಿ ಬಿದ್ದ ಗಾಡಿ. ತಡೆಹಲ್ಲಿನ ಒಂದೇ ಪಕ್ಕದ ಸವೆತ, ಇದರಿಂದ ಒಡೆಯನು ಎಡಗೈಯಲ್ಲಿ ಸುತ್ತುತ್ತಿದ್ದನೋ ಬಲಗೈಯಲ್ಲೋ ತಿಳಿಯುವುದು. ಬಂಡೆಗೆ ಬಡಿದು ನೆಗ್ಗಿದ ಅಂಚು. ತನ್ನ ಕೋಲಿಗೆ ಹೊಂದಲೆಂದು ಒಡೆಯನು ಅರದಿಂದ ಉಜ್ಜಿದ ಪಾದ. ಒಳಮೈಯಲ್ಲಿ ಅಲ್ನಿಕ್ಕಿನ ಕೆಲಸಗಾರನು ಒತ್ತಿದ ತನ್ನ ಹೆಸರಿನ ಮೊದಲಕ್ಷರಗಳು. ಕಂಪನಿಯ ಹೆಸರನ್ನು ಎಲ್ಲರೂ ಓದುತ್ತಾರೆ, ಅನಾಮಧೇಯನಾದ ಆ ಕುಶಲಕರ್ಮಿಯ ಎರಡಕ್ಷರಗಳನ್ನು ಯಾರೂ ಹುಡುಕುವುದಿಲ್ಲ. ಮೇಲಣ ತಟ್ಟೆಯನ್ನು ತೆಗೆದು ನೋಡಿದರೆ ಕಾಣುತ್ತವೆ.

ಈಗ ಕೆಲಸಕ್ಕೆ ಬರೋಣ. ರಾಟೆಯು ಯಾವ ಸೀಮೆಯಲ್ಲಿ ಕಾಲ ಕಳೆಯಿತೆಂಬುದನ್ನು ಮೊದಲು ಊಹಿಸಬೇಕು. ತೀರ್ಥಹಳ್ಳಿ ಶೃಂಗೇರಿಗಳ ಕಡೆಯ ಅಟ್ಟದಲ್ಲಿ ಮಳೆಗಾಲಗಳನ್ನು ಕಳೆದುದಾದರೆ ಉಕ್ಕಿನ ಸುರುಳಿಪಟ್ಟಿ ತುಕ್ಕು ತಿಂದು ಪುಡಿಯಾಗಿರುವುದು, ಹಿತ್ತಾಳೆಗೆ ತಗಲಿದ ಅಲ್ಯೂಮಿನಿಯಂ ಬಿಳಿಯ ಹಿಟ್ಟಾಗಿ ಉದುರುವುದು. ಎರಡು ಲೋಹಗಳ ನಡುವೆ ತೇವ ನಿಂತರೆ ಅಲ್ಯೂಮಿನಿಯಂ ತಾನು ಸವೆದು ಹಿತ್ತಾಳೆಯನ್ನು ಉಳಿಸುತ್ತದೆ. ಜಗಳೂರಿನ ಒಣಹವೆಯಲ್ಲಿ ಲೋಹಕ್ಕೆ ಇಂತಹ ಭಯ ಕಡಮೆ. ಈ ವಿಷಯದಲ್ಲಿ ಮಳೆಯಿಲ್ಲದ ಸೀಮೆಯೇ ಒಳ್ಳೆಯ ಭಂಡಾರ. ಆದರೆ ಇಲ್ಲಿಯ ಬೇಸಗೆಯು ಮರವನ್ನೂ ದಂತವನ್ನೂ ಬಿಡುವುದಿಲ್ಲ. ನಾಟಿಂಗ್‌ಹ್ಯಾಮಿನ ಮರದ ರಾಟೆ ಸೊಟ್ಟಗಾಗಿ ಸೀಳುತ್ತದೆ, ಹಿಡಿಯ ಗುಬ್ಬಿ ಬಿರಿಯುತ್ತದೆ. ಇನ್ನು ಧೂಳು. ಹಳೆಯ ಕೀಲೆಣ್ಣೆಯೊಡನೆ ಬೆರೆತ ನುಣ್ಣನೆಯ ಧೂಳು ಸಾಣೆಯ ಪುಡಿಯಂತೆ. ಅಟ್ಟದಿಂದ ಇಳಿಸಿದ ರಾಟೆಯನ್ನು ಕುತೂಹಲದಿಂದ ಗರಗರ ತಿರುಗಿಸುವವನು, ಐವತ್ತು ವರ್ಷಗಳಲ್ಲಿ ಆಗದ ಸವೆತವನ್ನು ಐದು ನಿಮಿಷದಲ್ಲಿ ಮಾಡಿಬಿಡಬಲ್ಲನು. ಮೊದಲ ನಿಯಮವೇ ಅದು: ತಿರುಗಿಸಕೂಡದು.

ಬಿಚ್ಚುವ ಮುನ್ನ ಎಲ್ಲ ಪಕ್ಕಗಳಿಂದಲೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ತಿರುಪುಗಳನ್ನು ಆ ಕಾಲದಲ್ಲಿ ಒಂದೊಂದು ಕಂಡಿಗೂ ಕೈಯಿಂದ ಹೊಂದಿಸುತ್ತಿದ್ದರು. ಒಂದರ ಜಾಗಕ್ಕೆ ಇನ್ನೊಂದು ಕೂರದು. ರಟ್ಟಿನ ಮೇಲೆ ರಾಟೆಯ ಆಕಾರವನ್ನು ಬರೆದು, ತೆಗೆದ ತಿರುಪನ್ನು ಅದರ ಸ್ಥಾನದಲ್ಲಿಯೇ ಚುಚ್ಚಿಡುವುದು ಲೇಸು. ತಿರುಪುಳಿಯ ತುದಿಯು ಸೀಳಿಗೆ ಸರಿಯಾಗಿ ತುಂಬಿಕೊಳ್ಳಬೇಕು. ಇಲ್ಲದಿದ್ದರೆ ಸೀಳಿನ ಬಾಯಿ ಹರಿದು, ಅನಾಡಿ ಕೈ ಬಿದ್ದ ಕುರುಹು ಶಾಶ್ವತವಾಗಿ ನಿಲ್ಲುವುದು. ಮಿಸುಕದ ತಿರುಪಿಗೆ ತೆಳುವಾದ ಎಣ್ಣೆಯ ತೊಟ್ಟೊಂದನ್ನು ಬಿಟ್ಟು ಮಲಗಿಬಿಡಬೇಕು. ಮರುದಿನವೂ ಮಿಸುಕದಿದ್ದರೆ ಇನ್ನೊಂದು ತೊಟ್ಟು. ವಾರ ಹಿಡಿದರೂ ಹಿಡಿಯಲಿ. ಪರ್ಫೆಕ್ಟ್ ರಾಟೆಯಾದರೆ ಬಿಳಿಯ ಬಟ್ಟೆ ಹಾಸಿದ ತಟ್ಟೆಯ ಮೇಲೆಯೇ ತೆರೆಯಬೇಕು. ಒಳಗಣ ಉಕ್ಕಿನ ಗುಂಡುಗಳು ಹಾರಿ ಬಿದ್ದರೆ ಒಂದೆರಡನ್ನು ನೆಲದ ಬಿರುಕು ನುಂಗಿಬಿಡುವುದು ಖಂಡಿತ.

ಗಟ್ಟಿಯಾದ ಹಳೆಯ ಜಿಡ್ಡನ್ನು ಸೀಮೆಎಣ್ಣೆ ಬಿಡಿಸುತ್ತದೆ. ಎಬೊನೈಟಿನ ಹಿಡಿ, ದಂತ, ಕೊಂಬು ಇವುಗಳಿಗೆ ಮಾತ್ರ ಅದನ್ನು ತಾಗಿಸಬಾರದು. ಎಬೊನೈಟನ್ನು ಬಿಸಿನೀರಿನಲ್ಲಿ ಅದ್ದಿದರೂ ಬಿಸಿಲಿನಲ್ಲಿ ಇಟ್ಟರೂ ಕಪ್ಪು ಹೋಗಿ ಕಂದು ಬಣ್ಣ ಬರುವುದು, ತಿರುಗಿ ಕಪ್ಪಾಗದು. ಒಡೆದ ದಂತದ ಗುಬ್ಬಿಗೆ ಬದಲಾಗಿ ಬೇರೆ ದಂತವನ್ನು ಹುಡುಕಿಕೊಂಡು ಹೋಗುವುದಂತೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳು ದಂತದ ವ್ಯಾಪಾರವನ್ನೇ ಮುಚ್ಚಿವೆ. ಎಮ್ಮೆಯ ಕೊಂಬು ಸಾಕು. ನಾವು ಶುಚಿಮಾಡಿದ ಒಂದು ಸಿಲೆಕ್ಸ್ ರಾಟೆಯ ಪಾದದಡಿಯಲ್ಲಿ ಜಿಡ್ಡಿನೊಳಗೆ ಹೊಳೆಯ ಮರಳಿನ ನಾಲ್ಕಾರು ಕಣಗಳೂ ಹಸಿರು ರೇಷ್ಮೆದಾರದ ಎಳೆಯೊಂದೂ ದೊರೆತುವು. ಅವನ್ನು ಕಸವೆಂದು ಚೆಲ್ಲದೆ ಕಾಗದದ ಪೊಟ್ಟಣದಲ್ಲಿ ಕಟ್ಟಿ ರಾಟೆಯ ಜೊತೆಗೇ ಇಟ್ಟೆವು. ರೇಷ್ಮೆದಾರದ ಕಾಲದಲ್ಲಿ ದಿನದ ಕೊನೆಗೆ ದಾರವನ್ನೆಲ್ಲ ಬಿಚ್ಚಿ ಒಣಗಿಸುವುದು ಕಡ್ಡಾಯವಾಗಿದ್ದಿತು. ಸೋಮಾರಿಯ ರಾಟೆಯಲ್ಲಿ ದಾರವೂ ಕೊಳೆಯಿತು, ದಾರದಡಿಯ ಹಿತ್ತಾಳೆಗೂ ಕಿಲುಬೇರಿತು. ಕಿಲುಬಿನ ಮಟ್ಟವನ್ನು ನೋಡಿ ಎಷ್ಟು ದಾರ ಸುತ್ತಿದ್ದಿತೆಂಬುದನ್ನು ಅಳೆಯಲೂ ಬಹುದು.

ಕಿಲುಬನ್ನು ತೆಗೆಯುವಲ್ಲಿಯೇ ಹೆಚ್ಚಿನ ಅನರ್ಥವಾಗುವುದು. ನಮ್ಮ ಮನೆಗಳಲ್ಲಿ ಹಿತ್ತಾಳೆಯೆಂದೊಡನೆ ಕೈ ಹುಣಸೆಹಣ್ಣಿನ ಕಡೆಗೆ ಹೋಗುತ್ತದೆ. ಹಬ್ಬದ ಹಿಂದಿನ ದಿನ ಹುಣಸೆಯೂ ಬೂದಿಯೂ ಸೇರಿ ಬಿಂದಿಗೆ ಚೆಂಬುಗಳಿಗೆ ಚಿನ್ನದ ಬಣ್ಣ ಕೊಡುವುದನ್ನು ಯಾರು ಕಂಡಿಲ್ಲ? ಬಿಂದಿಗೆಗೆ ಅದು ಸರಿ, ರಾಟೆಗೆ ವಿಷ. ಹುಣಸೆಯ ಹುಳಿಯು ಮೇಲಣ ಬಣ್ಣವನ್ನೆಲ್ಲ ಕರಗಿಸಿಬಿಡುತ್ತದೆ. ತಿರುಪಿನ ಸಂದಿನಲ್ಲಿ ಉಳಿದ ಹುಳಿಯು ಹಿತ್ತಾಳೆಯೊಳಗಿನ ಸತುವನ್ನು ತಿನ್ನುತ್ತ ಹೋಗಿ ಕೆಂಪು ಕಲೆಗಳನ್ನು ಬಿಡುತ್ತದೆ. ಬೂದಿ ಉಜ್ಜಿ ಉಜ್ಜಿ ಅಕ್ಷರಗಳ ಅಂಚು ಮೊಂಡಾಗುವುದು. ಹಾರ್ಡಿಯವರು ತಮ್ಮ ರಾಟೆಗಳಿಗೆ ಸೀಸದ ಬಣ್ಣದ, ಹೊಗೆಯಂತಹ ಲೇಪವನ್ನು ಕೊಡುತ್ತಿದ್ದರು, ಬಿಸಿಲಿಗೆ ಹೊಳೆದು ಮೀನು ಬೆದರಬಾರದೆಂಬುದು ಅದರ ಒಂದು ಉದ್ದೇಶ. ಅದನ್ನು ಉಜ್ಜಿ ತೆಗೆದು ಹೊಳಪು ಬಂದಿತೆಂದು ಹಿಗ್ಗುವವನು, ಮಾಡಿದವನ ಉದ್ದೇಶವನ್ನೇ ಅಳಿಸಿದಂತಾಯಿತು. ಅಂಗಡಿಯ ಪಾಲಿಷುಗಳೂ ಇದಕ್ಕಿಂತ ಮೇಲಲ್ಲ. ಹಲವುಗಳಲ್ಲಿ ಅಮೋನಿಯವಿರುತ್ತದೆ, ಒತ್ತಡದಲ್ಲಿರುವ ಹಿತ್ತಾಳೆ ಅದರಿಂದ ಬಿರುಕು ಬಿಡುವುದುಂಟು. ಬಿದಿರಿನ ಸೀಳನ್ನು ಚೂಪು ಮಾಡಿಕೊಂಡು, ಎಣ್ಣೆ ಹಚ್ಚಿ ನೆನೆಸಿದ ಹಸಿರು ಕಿಲುಬನ್ನು ಅದರಿಂದ ಮೆಲ್ಲನೆ ಎಬ್ಬಿಸಬೇಕು. ಬಿದಿರು ಹಿತ್ತಾಳೆಗಿಂತ ಮೆದು, ಕಿಲುಬಿಗಿಂತ ಗಟ್ಟಿ, ಗೀರು ಬೀಳದು. ಹಸಿರು ಹೋಗಿ ಕಂದು ಕಂಡೊಡನೆ ಕೈ ನಿಲ್ಲಿಸಬೇಕು. ಹಸಿರು ರೋಗ, ಕಂದು ವಯಸ್ಸು.

ಎಣ್ಣೆಯ ವಿಷಯದಲ್ಲಿಯೂ ಮನೆಯ ಅಭ್ಯಾಸ ನಡೆಯದು. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುವುದು, ಅಡುಗೆಯ ಎಣ್ಣೆಗಳು ಕಾಲಕ್ರಮದಲ್ಲಿ ಅಂಟಾಗುವುವು. ಹೊಲಿಗೆಯಂತ್ರದ ಎಣ್ಣೆ ತಕ್ಕುದು, ಅದೂ ಕಡ್ಡಿಯ ತುದಿಯಿಂದ ಒಂದು ತೊಟ್ಟು ಮಾತ್ರ. ಸುರುಳಿಪಟ್ಟಿಯೂ ತಡೆಹಲ್ಲೂ ಮತ್ತೆ ಸೇರಿದಾಗ ಹೊರಡುವ ಟಕಟಕ ಶಬ್ದವನ್ನು ಕೇಳಬೇಕು. ಅದು ಒಂದೇ ಹದದಲ್ಲಿ ಬಂದರೆ ಹಲ್ಲುಗಳು ಸರಿಯಾಗಿವೆ. ನಡುವೆ ಒಂದು ಸಲ ತಪ್ಪಿದರೆ ಒಂದು ಹಲ್ಲು ಮುರಿದಿದೆ. ಕಾವೇರಿಯ ಮಡುವಿನಲ್ಲಿ ಆ ಶಬ್ದವೇ ಕೂಗಾಗಿ, ದೂರದಲ್ಲಿದ್ದವರಿಗೆ ಮೀನು ಸಿಕ್ಕಿದ ಸುದ್ದಿ ಮುಟ್ಟಿಸುತ್ತಿತ್ತು.

ಮುರಿದ ಸುರುಳಿಪಟ್ಟಿಗೆ ಬದಲು ಬೇಕೇ ಬೇಕಾದರೆ ಗಡಿಯಾರ ರಿಪೇರಿಯವರ ಬಳಿ ದೊರೆಯುವ ಉಕ್ಕಿನ ಪಟ್ಟಿಯಿಂದ ಕತ್ತರಿಸಿ ಮಾಡಿಕೊಳ್ಳಬಹುದು. ಮಾಡಿದುದರ ಒಳಮೈಯಲ್ಲಿ ಇಸವಿಯನ್ನು ಗೀರಿಡಬೇಕು, ಮುಂದೆ ಬಿಚ್ಚುವವನು ಅದನ್ನು 1896ರದೆಂದು ತಿಳಿಯಬಾರದು. ತೆಗೆದ ಹಳೆಯ ತುಂಡನ್ನು ಎಸೆಯದೆ ಪೊಟ್ಟಣ ಕಟ್ಟಬೇಕು. ಕೊನೆಗೆ ಮೇಣವನ್ನು ತೆಳ್ಳಗೆ ಸವರಿ, ತಡೆಯ ಬಿಗಿಯನ್ನು ಸಡಿಲಿಸಿ, ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡುವುದು. ಅದರೊಡನೆ ಬಂದ ಚರ್ಮದ ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ರಾಟೆಯನ್ನು ಅದರೊಳಗಿಡದೆ ಪಕ್ಕದಲ್ಲಿಡಬೇಕು. ಹದಮಾಡಿದ ಚರ್ಮದ ಹುಳಿಯು ಹಿತ್ತಾಳೆಗೆ ಮತ್ತೆ ಕಿಲುಬೇರಿಸುತ್ತದೆ. ರಾಟೆ ಯಾರದು, ಯಾವ ಹೊಳೆಯದು, ಯಾವ ಭಾಗ ಬದಲಾಯಿತು ಎಂಬಷ್ಟನ್ನು ಒಂದು ಚೀಟಿಯಲ್ಲಿ ಸೀಸದಕಡ್ಡಿಯಿಂದ ಬರೆದು ಬಟ್ಟೆಯ ಮಡಿಕೆಯೊಳಗೆ ಇಡತಕ್ಕದ್ದು. ಮಸಿಯಿಂದ ಬೇಡ, ತೇವ ತಾಗಿದರೆ ಮಸಿ ಹರಡುವುದು.